ಅರಳದ ಕಾಳು

ರಾಜೇಶ್ವರಿಗೆ ಹೊಟ್ಟೆಕಿಚ್ಚು ಹತ್ತಿದ್ದು ಬಂಗಾರದ ಮೇಲಲ್ಲ, ಸೀರೆಯ ಮೇಲಲ್ಲ, ಗ್ಲುಕೋಸಿನ ಒಂದು ಖಾಲಿ ಬಾಟಲಿಯ ಮೇಲೆ. ಅದರೊಳಗೆ ಬೇಯಿಸಿದ ಜೋಳವಿತ್ತು. ಜೋಳದ ಮೈತುಂಬ ಬಿಳಿಯ ಬೂಸ್ಟು ಹತ್ತಿಯ ಹಾಗೆ ಹಬ್ಬಿತ್ತು. ಬೂಸ್ಟು ಹಿಡಿದ ಜೋಳವನ್ನು ಕಂಡರೆ ಮನೋಳಿ ಊರಿನ ಯಾವ ಹೆಂಗಸಾದರೂ ಮೂಗು ಮುಚ್ಚಿಕೊಂಡು ತಿಪ್ಪೆಗೆ ಸುರಿದು ಬರುತ್ತಾಳೆ. ಆದರೆ ಇದು ಅಣಬೆಯ ಬೀಜ. ಬೆಳೆಸಿದವಳು ಶಿವಾನಿ, ರಾಜೇಶ್ವರಿಯ ಮೈದುನ ನಿಂಗರಾಜನ ಹೆಂಡತಿ. ಅತ್ತೆ ಸಿದ್ದಲಿಂಗವ್ವ ಆ ಬಾಟಲಿಯನ್ನು ಬೆಳಕಿಗೆ ಹಿಡಿದು, ಪಕ್ಕದ ಮನೆಯ ಬಾಯವ್ವನಿಗೂ ಕೇಳುವ ಹಾಗೆ, "ನಮ್ಮ ಶಿವಾನಿ ಕೈ ನೋಡ್ರಿ, ಏನ್ ಚಂದ ಬೆಳದೈತಿ!" ಎಂದು ಕೂಗಿದಳು. ರೊಟ್ಟಿ ಬಡಿಯುತ್ತಿದ್ದ ರಾಜೇಶ್ವರಿಯ ಕೈ ಅಲ್ಲೇ ನಿಂತಿತು.

ನಿಲ್ಲದೆ ಏನು ಮಾಡೀತು ಹೇಳಿ. ಅವಳು ಹಿರಿಸೊಸೆಯಾಗಿ ಹೊಸ್ತಿಲು ದಾಟಿದಂದಿನಿಂದ ಆ ಮನೆಯಲ್ಲಿ ಕೈ ಅಂದರೆ ಅವಳ ಕೈ. ಅವಳು ಮಾಡಿದ ಜೋಳದ ನುಚ್ಚು ಹಲ್ಲಿಲ್ಲದ ಮುದುಕರ ಬಾಯಲ್ಲಿ ತಾನಾಗಿ ಕರಗುತ್ತಿತ್ತು. ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ಒಲೆ ಹೂಡುವ ಮುಂಚೆ ಅವಳನ್ನು ಕರೆಯುತ್ತಿದ್ದರು. ಶಿವಾನಿಯೋ ರಾಮದುರ್ಗದಲ್ಲಿ ಕಾಲೇಜು ಮುಗಿಸಿ ಬಂದವಳು. ಅವಳು ಅನ್ನ ಮಾಡಿದರೆ ಒಂದೊಂದು ಅಗುಳೂ ಸೆಟೆದುಕೊಂಡು ಕೂರುತ್ತಿತ್ತು. ಅವಳ ನುಚ್ಚನ್ನು ಒಮ್ಮೆ ಉಂಡು ಮಾವ ವೀರಪ್ಪ, "ದವಡಿಗೆ ಚಲೋ ಕಸರತ್ತು ಆತು ಬಿಡವಾ" ಎಂದು ಎದ್ದುಹೋಗಿದ್ದ. ಆ ದಿನಗಳಲ್ಲಿ ರಾಜೇಶ್ವರಿ ಶಿವಾನಿಯನ್ನು ಮನಸಾರೆ ಪ್ರೀತಿಸುತ್ತಿದ್ದಳು. ಅಡುಗೆ ಬಾರದ ನೆಗೆಣ್ಣಿಯನ್ನು ಪ್ರೀತಿಸುವುದು ಅಂಥ ಕಷ್ಟದ ಕೆಲಸವೇನಲ್ಲ.

ಆ ಹುಡುಗಿ ಸುಮ್ಮನೆ ಕೂರಲಿಲ್ಲ ಅನ್ನುವುದೇ ತೊಂದರೆಯಾಯಿತು. ಅಣಬೆ ಬೆಳೆಯುವ ತರಬೇತಿಗೆ ಹೋಗಿಬಂದಳು. ಹಿತ್ತಲ ಕೋಣೆಯಲ್ಲಿ ಹೊಟ್ಟು ತುಂಬಿದ ಚೀಲಗಳನ್ನು ತೂಗುಹಾಕಿದಳು. ಬೀಜವನ್ನು ಧಾರವಾಡದಿಂದ ತರಿಸಿದರೆ ಬಸ್ಸಿನ ಕಾವಿಗೆ ಅರ್ಧ ಕೆಟ್ಟೇ ಬರುತ್ತಿತ್ತು. ಬೀಜವನ್ನೂ ಮನೆಯಲ್ಲೇ ಮಾಡುತ್ತೇನೆಂದು ಹೊರಟಳು. ಜೋಳ ನೆನೆಸಿ, ಕುದಿಸಿ, ಬಸಿದು, ಸುಣ್ಣದ ಪುಡಿ ಬೆರೆಸಿ, ಬಾಟಲಿಗೆ ತುಂಬಿ, ಹತ್ತಿಯಿಂದ ಬಾಯಿ ಬಿಗಿದು, ದೊಡ್ಡ ಕುಕ್ಕರಿನ ಹಬೆಯಲ್ಲಿಟ್ಟು, ಆರಿದ ಮೇಲೆ ಮೊದಲೇ ಬೂಸ್ಟು ಬಂದ ತಾಯಿಬೀಜದ ನಾಲ್ಕು ಕಾಳು ಹಾಕುವುದು. ಉಳಿದದ್ದನ್ನು ಕತ್ತಲೆ ನೋಡಿಕೊಳ್ಳುತ್ತದೆ. ಮೊದಲ ಸಲ ಅರ್ಧಕ್ಕರ್ಧ ಕೆಟ್ಟವು, ಅರ್ಧ ಬೆಳ್ಳಗಾದವು. ಆ ಅರ್ಧಕ್ಕೇ ಅತ್ತೆ ಅಷ್ಟು ಕೂಗಿದ್ದು.

ಕೂಗು ಮಹಿಳಾ ಸಂಘದ ಶಟ್ಟೆವ್ವನ ಕಿವಿಗೂ ಬಿತ್ತು. ಸಂಘದ ಹೆಂಗಸರೆಲ್ಲ ಅಣಬೆಗೆ ಕೈಹಾಕಬೇಕೆಂದು ಮಾತಾಗಿತ್ತು. ಬೀಜಕ್ಕೆ ಊರಲ್ಲೇ ಒಬ್ಬಳು ಬೇಕಿತ್ತು. ಶಟ್ಟೆವ್ವ ಬಂದು ಪಡಸಾಲೆಯಲ್ಲಿ ಕುಳಿತು, "ಯಾರ ಬಾಟಲಿ ಒಂದೂ ಕೆಡದಂಗ ಬೆಳ್ಳಗ ಆಕ್ಕಾವ, ಸಂಘದ ಬೀಜದ ಕೆಲಸ ಅಕಿಗೆ. ಸವದತ್ತಿ, ಬೈಲಹೊಂಗಲ, ಕಿತ್ತೂರು, ಎಲ್ಲಾ ಕಡೆ ಹೋಗಿ ಕಲಿಸಾಕೂ ಅಕೀನ" ಎಂದಳು. ಹೇಳುವಾಗ ಅವಳು ನೋಡಿದ್ದು ಶಿವಾನಿಯನ್ನು. ಚಹಾ ತಂದುಕೊಟ್ಟವಳು ರಾಜೇಶ್ವರಿ.

ಅಂದು ಅವಳಿಗೆ ಊಟ ಸೇರಲಿಲ್ಲ. ಜೋಳ ಬೇಯಿಸುವ ವಿದ್ಯೆಗೆ ಊರೂರು ತಿರುಗಿ ಪಾಠ ಹೇಳುವವಳು ಯಾರು? ಒಂದು ಪಾವು ನುಚ್ಚು ನೆಟ್ಟಗೆ ಬೇಯಿಸಲು ಬಾರದವಳು! ಮೈಯೆಲ್ಲ ಉರಿಯಿತು. ಗಂಡ ಮಾಂತೇಶ, "ಆಕಿ ಚಲೋ ಮಾಡಾಕತ್ತಾಳ, ಮಾಡ್ಲಿ ಬಿಡು" ಎಂದದ್ದು ಉರಿಗೆ ಎಣ್ಣೆಯಾಯಿತು. ಮರುದಿನವೇ ಅವಳು ಅತ್ತೆಯ ಎದುರು, "ನಾನೂ ಬಾಟಲಿ ಇಡತೇನಿ" ಎಂದು ಸೆರಗು ಸಿಕ್ಕಿಸಿದಳು.

ಆರಿಸುವುದರಿಂದಲೇ ಶುರು. ಮೊರದಲ್ಲಿ ಹಿಂಗಾರಿಯ ಬಿಳಿಜೋಳ ಹಾಕಿಕೊಂಡು ಒಡಕು, ಹುಳುಕು, ಕಪ್ಪುಮೂತಿ ಎಲ್ಲ ತೆಗೆದು, ಮುತ್ತಿನಂಥ ಕಾಳುಗಳನ್ನೇ ಉಳಿಸಿದಳು. ಅದರಲ್ಲಿ ಅವಳಿಗೆ ಸಾಟಿಯಿರಲಿಲ್ಲ. ಬೇಯಿಸುವಾಗ ಶಿವಾನಿ ಬಾಗಿಲಲ್ಲಿ ನಿಂತು, "ಅಕ್ಕಾ, ಕಾಳು ಅರಳಬಾರದಂತ್ರಿ, ತರಬೇತ್ಯಾಗ ಹೇಳ್ಯಾರ" ಎಂದಳು.

"ಅರಳಲಿಲ್ಲಂದ್ರ ಅದು ಬೆಂದಂಗಲ್ಲ ತಂಗಿ. ನಿನ್ನ ನುಚ್ಚಿನಂಗ ಆಕ್ಕೈತಿ" ಎಂದು ರಾಜೇಶ್ವರಿ ನಕ್ಕಳು. ಬಾರದವರು ತಮ್ಮ ಬಾರದಿಕೆಗೆ ತರಬೇತಿಯ ಹೆಸರು ಹೇಳುತ್ತಾರೆ ಎಂದು ಅವಳ ಎಣಿಕೆ. ಕಾಳು ಹೂವಾಗಿ ಅರಳುವವರೆಗೆ ಬೇಯಿಸಿ, ತೇವ ಹೋಗದ ಹಾಗೆ ಬಿಸಿಬಿಸಿಯಾಗಿಯೇ ತುಂಬಿದಳು.

ಅವಳ ಬಾಟಲಿಗಳು ವಾರ ಕಳೆಯುವುದರೊಳಗೆ ಹಸಿರಾದವು. ತಳದಲ್ಲಿ ಅಂಬಲಿಯಂತೆ ಲೋಳೆ ನಿಂತು ಹುಳಿ ನಾತ ಹೊಡೆಯಿತು. ಇನ್ನೊಮ್ಮೆ ಇಟ್ಟಳು, ಇನ್ನೂ ಮೆತ್ತಗೆ ಬೇಯಿಸಿ. ಇನ್ನೂ ಬೇಗ ಕೆಟ್ಟವು. ಅತ್ತೆ ಬೈಯಲಿಲ್ಲ. "ಇರ್ಲಿ ಬಿಡವಾ, ಎಲ್ಲಾರಿಗೂ ಎಲ್ಲಾ ಎಲ್ಲಿ ಬರತೈತಿ" ಎಂದು ಸಮಾಧಾನ ಹೇಳಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇದರಲ್ಲಿ ಏನೋ ಮಸಲತ್ತಿದೆ ಎಂದುಕೊಂಡಳು ರಾಜೇಶ್ವರಿ. ಶಿವಾನಿಯ ಜೋಳ ತವರಿನಿಂದ ಬಂದದ್ದು. ರಾಮದುರ್ಗದ ಆ ಜೋಳದಲ್ಲೇ ಗುಟ್ಟಿರಬೇಕು. ಶಿವಾನಿ ಬಟ್ಟೆ ಒಗೆಯಲು ಹೊಳೆಗೆ ಹೋದಾಗ ಅವಳ ಡಬ್ಬಿಯ ಜೋಳವನ್ನು ತನ್ನದಕ್ಕೆ ಸುರುವಿಕೊಂಡು, ತನ್ನದನ್ನು ಅವಳ ಡಬ್ಬಿಗೆ ತುಂಬಿಟ್ಟಳು. ಕಳ್ಳತನವೆಂದು ಅವಳಿಗೆ ಅನಿಸಲೇ ಇಲ್ಲ. ಜೋಳಕ್ಕೆ ಜೋಳ ಕೊಟ್ಟಿದ್ದಳಲ್ಲ. ರಾಮದುರ್ಗದ ಜೋಳ ರಾಜೇಶ್ವರಿಯ ಬಾಟಲಿಯಲ್ಲಿ ಹಸಿರಾಯಿತು. ರಾಜೇಶ್ವರಿ ಕೈಯಾರೆ ಆರಿಸಿದ ಮುತ್ತಿನಂಥ ಕಾಳು ಶಿವಾನಿಯ ಬಾಟಲಿಯಲ್ಲಿ ಮೊದಲಿಗಿಂತ ಚೆನ್ನಾಗಿ ಬೆಳ್ಳಗಾಯಿತು. ಅದನ್ನು ಕಂಡ ದಿನ ಅವಳು ಒಲೆಯ ಮುಂದೆ ಕುಳಿತು ಅತ್ತಳು. ಕೇಳಿದವರಿಗೆ ಹೊಗೆ ಎಂದಳು.

ಕೊನೆಗೆ ಶಟ್ಟೆವ್ವ ಬಂದು ನೋಡುವ ದಿನ ಗೊತ್ತಾಯಿತು. ಶಿವಾನಿ ದೊಡ್ಡ ಹಂಡೆ ತುಂಬ ಜೋಳ ನೆನೆಹಾಕಿದಳು. ಮರುದಿನ ಬೆಳಿಗ್ಗೆ ಒಲೆ ಹೊತ್ತಿಸುವಷ್ಟರಲ್ಲಿ ತವರಿನಿಂದ ಫೋನು ಬಂತು: ಅಪ್ಪ ಅಂದಾನೆಪ್ಪ ಮಾಳಿಗೆಯ ನಿಚ್ಚಣಿಕೆಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ. ನಿಂಗರಾಜ ಬೈಕು ಹೊರಗೆ ತೆಗೆದ. ಶಿವಾನಿ ಅಳುತ್ತಲೇ ಅಡುಗೆಮನೆಗೆ ಓಡಿಬಂದಳು.

"ಅಕ್ಕಾ, ನೆನದ ಜೋಳ ಹಂಗ ಬಿಟ್ರ ಹುಳಿ ಬರತೈತ್ರಿ. ನೀವ ಕುದಿಸಿ ಬಸದಿಡ್ರಿ. ಸಂಜೀಕ ಬಂದು ಬಾಟಲಿ ತುಂಬತೇನಿ. ನಿಮ್ಮ ಬಿಟ್ರ ನನಗ ಯಾರದಾರ ಹೇಳ್ರಿ?"

"ಹೋಗಿ ಬಾ. ನಾ ನೋಡ್ಕೋತೇನಿ" ಎಂದಳು ರಾಜೇಶ್ವರಿ.

ನೋಡಿಕೊಂಡದ್ದು ಹೇಗೆ ಕೇಳಿ. ಹಂಡೆ ಕುದಿಯತೊಡಗಿತು. ಮನೆಯಲ್ಲಿ ಅತ್ತೆಯೂ ಇರಲಿಲ್ಲ. ತನ್ನ ಕೈಯ ಹದವನ್ನು ಈ ಜೋಳಕ್ಕೆ ಯಾಕೆ ಕೊಡಬೇಕು ಎಂದು ರಾಜೇಶ್ವರಿಗೆ ಅನಿಸಿತು. ಒಂದು ಕಾಳು ತೆಗೆದು ಹಲ್ಲಿನಲ್ಲಿ ಒತ್ತಿದಳು. ಹೊರಗೆ ಮೆತ್ತಗಾಗಿತ್ತು, ಒಳಗೆ ಇನ್ನೂ ಬಿಳಿಯ ಗಟ್ಟಿ ಉಳಿದಿತ್ತು. ಒಂದು ಕಾಳೂ ಬಾಯಿ ಬಿಟ್ಟಿರಲಿಲ್ಲ. ಹುಟ್ಟಿದಾಗಿನಿಂದ ಅಂಥ ಜೋಳವನ್ನು ಅವಳು ಒಲೆಯಿಂದ ಇಳಿಸಿದವಳಲ್ಲ. ಇಳಿಸಿದಳು. ಹಸಿ ಉಳಿದು ಕೊಳೆಯಲಿ ಎಂದು ಬಾಯಿಬಿಟ್ಟೇ ಅಂದಳು. ಅಷ್ಟಕ್ಕೂ ಸಮಾಧಾನವಾಗದೆ, ಬಸಿದ ಜೋಳವನ್ನು ಮಾಳಿಗೆಯ ಮೇಲೆ ಧೋತರ ಹಾಸಿ ತೆಳ್ಳಗೆ ಹರವಿ, ಗಾಳಿಗೆ ಬಿಟ್ಟುಬಂದಳು. ಇದ್ದ ತೇವವೂ ಹಾರಿ ಸಾಯಲಿ ಎಂಬುದು ಅವಳ ಆಸೆ. ಸಂಜೆ ಶಿವಾನಿ ಬಂದು ಮುಟ್ಟಿ ನೋಡುವಾಗ ಕಾಳುಗಳು ಕೈಗೆ ಅಂಟದೆ ಬೇರೆಬೇರೆಯಾಗಿ ಉದುರುತ್ತಿದ್ದವು. ಅವಳು ದಣಿದಿದ್ದಳು, ಏನೂ ಕೇಳದೆ ಬಾಟಲಿ ತುಂಬಿ ಕುಕ್ಕರಿಗೆ ಇಟ್ಟಳು.

ಮುಂದಿನ ದಿನಗಳಲ್ಲಿ ರಾಜೇಶ್ವರಿ ಹಿತ್ತಲ ಕೋಣೆಯ ಕಡೆ ತಲೆಹಾಕಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ, ಕಣ್ಣು ಮುಚ್ಚಿದರೆ ಹಸಿರೇ ಕಾಣುತ್ತಿತ್ತು. ಹೊಟ್ಟೆ ತಣ್ಣಗಿತ್ತು. ಶಿವಾನಿಯ ತಲೆಗೆ ತಾನೇ ಎಣ್ಣೆ ಹಚ್ಚಿ ಬಾಚುವಷ್ಟು ಪ್ರೀತಿ ಮತ್ತೆ ಮೂಡಿತು.

ಶಟ್ಟೆವ್ವ ಹೆಂಗಸರ ದಂಡು ಕಟ್ಟಿಕೊಂಡು ಬಂದಳು. ಶಿವಾನಿ ಬಾಟಲಿಗಳನ್ನು ಒಂದೊಂದಾಗಿ ಪಡಸಾಲೆಗೆ ತಂದಿಟ್ಟಳು. ಮೊದಲನೆಯದು ಬಿಳಿ. ಎರಡನೆಯದೂ ಬಿಳಿ. ರಾಜೇಶ್ವರಿ ಕಂಬಕ್ಕೆ ಒರಗಿ ಕಾದಳು, ಈಗ ಬರುತ್ತದೆ, ಇನ್ನೊಂದರಲ್ಲಿ ಬರುತ್ತದೆ ಎಂದು. ಬರಲಿಲ್ಲ. ತಳದಿಂದ ಕುತ್ತಿಗೆಯವರೆಗೆ ಎಲ್ಲವೂ ಬಿಳಿ, ಒಂದೂ ಕೆಟ್ಟಿರಲಿಲ್ಲ. ಅಲ್ಲಾಡಿಸಿದರೆ ಕಾಳು ಕಾಳಾಗಿ ಬಿಡುತ್ತಿತ್ತು. ಅರಳದ ಕಾಳು ಲೋಳೆ ಬಿಟ್ಟಿರಲಿಲ್ಲ, ಮೈ ಒಣಗಿದ್ದರಿಂದ ಹಸಿರಿಗೆ ನಿಲ್ಲಲು ತಾವಿರಲಿಲ್ಲ. ಒಳಗೆ ಉಳಿದ ಹಸಿಯನ್ನು ಕುಕ್ಕರು ತಾನೇ ಬೇಯಿಸಿ ಮುಗಿಸಿತ್ತು. ರಾಜೇಶ್ವರಿ ಅಡುಗೆ ಬಲ್ಲವಳು, ಎಲ್ಲಿ ಎಡವಿದ್ದೆನೆಂದು ನಿಂತಲ್ಲೇ ಹೊಳೆಯಿತು.

ಶಿವಾನಿ ಸುಳ್ಳು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆ ಹುಡುಗಿಗೆ ಅದೂ ಬರುತ್ತಿರಲಿಲ್ಲ. "ಇದು ನಂದಲ್ಲರಿ. ಈ ಸಲ ಜೋಳ ಬೇಯಿಸಿದ್ದು ರಾಜೇಶ್ವರಿ ಅಕ್ಕಾರು" ಎಂದುಬಿಟ್ಟಳು.

"ಅದಕ್ಕ ಮತ್ತ! ನಾ ಅನ್ನಾಕತ್ತಿದ್ದೆ, ಒಮ್ಮಿಂದೊಮ್ಮೆಲೆ ಹೆಂಗ ಇಷ್ಟು ಚಲೋ ಆತಂತ" ಎಂದು ಶಟ್ಟೆವ್ವ ಎದ್ದು ಬಂದು ರಾಜೇಶ್ವರಿಯ ಎರಡೂ ಕೈ ಹಿಡಿದುಕೊಂಡಳು. "ಬೀಜದ ಕೆಲಸ ದೊಡ್ಡ ಸೊಸಿದು. ಕಲಿಸಾಕ ಹೋಗಾಕೀನೂ ಇಕೀನ. ಮುಗೀತು."

ಸಿದ್ದಲಿಂಗವ್ವನ ಮುಖ ಊರಗಲವಾಯಿತು. "ನಮ್ಮ ರಾಜೇಶ್ವರಿ ಕೈ ಅಂದ್ರ ಏನಂತ ತಿಳದೀರಿ!" ಎಂದಳು. ಬಾಯವ್ವ ಹೌದೆಂದಳು. ಎಲ್ಲರೂ ಹೌದೆಂದರು. ಶಿವಾನಿಯೂ ಚಪ್ಪಾಳೆ ತಟ್ಟಿದಳು.

ಹೆಂಗಸರು ಹೋದ ಮೇಲೆ ರಾಜೇಶ್ವರಿ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಹಿತ್ತಲಿಗೆ ಬಂದಳು. ಶಿವಾನಿ ತೂಗುಹಾಕಿದ ಚೀಲಗಳ ನಡುವೆ ನೆಲದ ಮೇಲೆ ಕುಳಿತಿದ್ದಳು. ಕಣ್ಣು, ಮೂಗು ಕೆಂಪಾಗಿದ್ದವು. ಎದ್ದು ನಿಲ್ಲಲೂ ಇಲ್ಲ.

"ರೊಟ್ಟಿ ನಿಮ್ಮದು, ಅಡಗಿ ನಿಮ್ಮದು. ಅತ್ತಿ, ಮಾವ ನಿಮ್ಮವರು. ಈ ಮನ್ಯಾಗ ನಂದಂತ ಇದೊಂದಿತ್ತರಿ ಅಕ್ಕಾ" ಎಂದಳು. "ನಿಮಗ ಚಲೋ ಆದ್ರ ನಾ ಖುಷಿ ಪಡಬೇಕು. ನನಗ ಹೊಟ್ಟಿಕಿಚ್ಚು ಆಗಾಕತ್ತೈತಿ. ಎಂಥ ಕೆಟ್ಟಾಕಿ ನಾನು."

ಆ ಮಾತು ಕೇಳಿದ್ದೇ ತಡ, ರಾಜೇಶ್ವರಿಗೆ ಹಾಯೆನಿಸಿತು. ಇಷ್ಟು ದಿನ ಒಬ್ಬಳೇ ಹೊತ್ತ ಕಿಚ್ಚು ಈಗ ಆ ಹುಡುಗಿಯ ಹೊಟ್ಟೆಗೆ ದಾಟಿತ್ತು. ಹಾಯೆನಿಸಿತಲ್ಲ ಎಂದು ಮರುಗಳಿಗೆಗೆ ನಾಚಿಕೆಯೂ ಆಯಿತು. ಕೆಡಲೆಂದೇ ಇಳಿಸಿದ್ದೆ, ಸಾಯಲೆಂದೇ ಹರವಿದ್ದೆ, ನೀನು ಹೇಳಿದ್ದೇ ಸರಿ ಇತ್ತು: ಇಷ್ಟು ಹೇಳಿದರೆ ಸಾಕಿತ್ತು, ಎಲ್ಲವೂ ಹಿಂದಿರುಗಿ ಶಿವಾನಿಯದಾಗುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಶಟ್ಟೆವ್ವ ಹಿಡಿದ ಕೈ ಇನ್ನೂ ಬೆಚ್ಚಗಿತ್ತು.

"ಖರೇ ಹೇಳ್ರಿ ಅಕ್ಕಾ, ಅವತ್ತ ನೀವು ಏನ್ ಮಾಡಿದ್ರಿ?" ಎಂದು ಶಿವಾನಿ ಮುಖ ಎತ್ತಿ ಕೇಳಿದಳು.

ರಾಜೇಶ್ವರಿ ಕಪ್ಪುಗಳನ್ನು ಕೆಳಗಿಟ್ಟು ಅವಳ ಪಕ್ಕದಲ್ಲಿ ಕುಳಿತಳು. ತನ್ನ ಸೆರಗಿನಿಂದಲೇ ಅವಳ ಕಣ್ಣು ಒರೆಸಿದಳು.

"ಅಳಬ್ಯಾಡ ತಂಗಿ. ನಾ ಇದ್ದೇನಲ್ಲಾ. ನಿನಗೂ ಕಲಿಸತೇನಿ" ಎಂದಳು.

ಶಿವಾನಿ ಅವಳ ಹೆಗಲಿಗೆ ತಲೆಯಿಟ್ಟು, "ಹೂಂನ್ರಿ" ಎಂದಳು.