ರೋಲಂಡನ ಎಡಜೇಬು

ಮತ್ತೆ ಹೋಯಿತು, ಆ ಕೈ, ಎಡಜೇಬಿಗೆ — ಬಾರ್ಲಿ ಕೊಯ್ದ ಕೂಳೆಯ ನಡುವೆ ಮಂಡಿಯೂರಿದ ರೋಲಂಡ್ ಬೆನ್ನು ತಿರುಗಿಸಿಕೊಂಡಿದ್ದಾನೆ, ಹಾಗೆ ಮಾಡಿದರೆ ಬೆರಿಲ್‌ಗೆ ಕಾಣುವುದಿಲ್ಲ ಎಂದುಕೊಂಡಿದ್ದಾನೆ, ಪಾಪ, ಶಾಲೆಯ ಅಡುಗೆಮನೆಯಲ್ಲಿ ಬನ್ನು ಕದಿಯುವ ಮಕ್ಕಳ ಬೆನ್ನು ನೋಡಿ ನೋಡಿ ಪಳಗಿದ ಕಣ್ಣು ಅವಳದು — ಕಿವಿಯಲ್ಲಿ ಮಣ್ಣೊಳಗಿನ ಲೋಹ ಹುಡುಕುವ ಡಿಟೆಕ್ಟರಿನ ಗುಂಯ್, ಹೆಗಲ ಮೇಲೆ ಎರಡು ಸನಿಕೆ, ತನ್ನದೊಂದು ಅವನದೊಂದು, ಸೊಂಟದಲ್ಲಿ ಗುಜರಿ ಚೀಲ, ಕಾಡತೂಸಿನ ತಳ, ಬಿಯರ್ ಡಬ್ಬಿಯ ಚೂರು, ಸೀಸದ ಉಂಡೆ, ಇಬ್ಬರದೂ ಇವಳೇ ಹೊರಬೇಕು, ಅವನ ನೀರಿನ ಬಾಟಲಿಯೂ ಇವಳ ಬಳಿಯೇ, ಅವನಿಗೆ ಮಂಡಿನೋವು, ಒಂಚೂರು ಹಿಡ್ಕೊಳ್ಳೇ ಬೆರಿಲ್, ನಿಂಗೆ ಪುಣ್ಯ ಬರುತ್ತೆ — ಪುಣ್ಯ ಇವಳಿಗೆ, ಹಳೇ ಬೆಳ್ಳಿ ನಾಣ್ಯ ಅವನ ಜೇಬಿಗೆ. ಇಲ್ಲದಿದ್ದರೆ ಹೇಗೆ? ಗಂಡ ಡೆರೆಕ್ ಬದುಕಿದ್ದಾಗ ಬಾಯಿ ತುಂಬ ಹೇಳುತ್ತಿದ್ದ, ರೋಲಂಡನ ಕಿವಿ ಅಂದ್ರೆ ಕಿವಿ ಕಣೆ, ತಗಡಿಗೂ ಬೆಳ್ಳಿಗೂ ದನಿಯಲ್ಲೇ ವ್ಯತ್ಯಾಸ ಹೇಳ್ತಾನೆ — ಅಂಥ ಕಿವಿಗೆ ಈ ವರ್ಷ ಒಂದು ಅಂಗಿಗುಂಡಿಯೂ ಸಿಕ್ಕಿಲ್ಲ, ಡೆರೆಕ್‌ನ ಹಳೇ ಯಂತ್ರ ಹಿಡಿದು ಹೊಲಕ್ಕೆ ಬಂದ ವಿಧವೆಗೆ ಬೆಳ್ಳಿಯ ಮೇಲೆ ಬೆಳ್ಳಿ, ಯಾರು ನಂಬುತ್ತಾರೆ, ಇವಳಿಗೇ ಇಷ್ಟು ಸಿಕ್ಕರೆ ಅವನಿಗೆ ಇನ್ನೆಷ್ಟು ಸಿಕ್ಕಿರಬೇಡ! ಸಂಜೆ ಕಾರಿನ ಬಾನೆಟ್ ಮೇಲೆ ಟವೆಲ್ ಹಾಸಿ ಇಬ್ಬರೂ ಚೀಲ ಕೊಡವುತ್ತಾರೆ, ಹೊಲದ ಒಡೆಯ ಗ್ಯಾರಡ್ ಬಂದು ನೋಡುತ್ತಾನೆ, ಸಿಕ್ಕಿದ್ದರಲ್ಲಿ ಅವನಿಗೆ ಅರ್ಧ, ಅದು ಮಾತು, ಮಾತು ತಪ್ಪಿದವರಿಗೆ ಈ ಜಿಲ್ಲೆಯಲ್ಲಿ ಇನ್ನೊಂದು ಗೇಟು ತೆರೆಯುವುದಿಲ್ಲ — ರೋಲಂಡ್ ಚೀಲ ಕೊಡವುತ್ತಾನೆ, ಮೊಳೆ, ತಗಡು, ಈ ಸಲವೂ ಬರಿಗೈ ಗ್ಯಾರಡ್, ಎಲ್ಲಾ ಈ ಮಹಾರಾಣಿದೇ ಅದೃಷ್ಟ, ಎಂದು ನಗುತ್ತಾನೆ, ಜೇಬನ್ನು ಮಾತ್ರ ಕೊಡವುವುದಿಲ್ಲ. ಇವಳಿಗೆ ನಾಣ್ಯ ಸಿಕ್ಕಾಗಲೆಲ್ಲ ಎಲ್ಲಿದ್ದರೂ ಕುಂಟುತ್ತಾ ಓಡಿಬರುತ್ತಾನೆ, ಕೊಡಿಲ್ಲಿ, ಉಜ್ಜಬೇಡ, ಗೀರು ಬೀಳುತ್ತೆ, ಎಂದು ಕಸಿದುಕೊಂಡು ಬಾಟಲಿಯ ನೀರಿನಲ್ಲಿ ತಾನೇ ತೊಳೆಯುತ್ತಾನೆ — ಒಳ್ಳೆಯದನ್ನಿಟ್ಟುಕೊಂಡು ಸವೆದದ್ದನ್ನು ಕೊಡುತ್ತಾನೋ ಏನೋ, ಆ ಕೈಯನ್ನು ನಂಬುವುದು ಹೇಗೆ — ಶನಿವಾರ ಡಿಟೆಕ್ಟರಿನವರ ಕ್ಲಬ್ಬಿನಲ್ಲಿ ಇವಳು ಎದ್ದು ನಿಂತು ತನ್ನ ನಾಣ್ಯಗಳ ಬಗ್ಗೆ ಮಾತಾಡಬೇಕು, ಮ್ಯೂಸಿಯಂನ ಹುಡುಗಿ ಪ್ರತಿ ನಾಣ್ಯ ಸಿಕ್ಕ ಜಾಗವನ್ನೂ ನಕ್ಷೆಯಲ್ಲಿ ಚುಕ್ಕೆ ಇಟ್ಟು ಬರೆದುಕೊಂಡಿದ್ದಾಳೆ, ಈ ಹೊಲದಲ್ಲಿ ಹಿಂದೆ ಸಂತೆ ಸೇರ್ತಿತ್ತು ಅನ್ಸುತ್ತೆ ಮಿಸೆಸ್ ಕಟಿಂಗ್, ನಿಮ್ಮಿಂದ ಗೊತ್ತಾಯ್ತು, ಎಂದಿದ್ದಾಳೆ, ಬದುಕಿನಲ್ಲಿ ಮೊದಲ ಸಲ ಯಾರೋ ಬೆರಿಲ್‌ಳಿಂದ ಏನೋ ಗೊತ್ತಾಯಿತು ಎಂದದ್ದು — ಅದಕ್ಕೆ ಮೊದಲೇ ಇವತ್ತು ಕೇಳಿಬಿಡಬೇಕು, ಗ್ಯಾರಡ್‌ನ ಮುಂದೆಯೇ, ಆ ಜೇಬು ಕೊಡವು ರೋಲಂಡ್. ಗೆಳೆತನ ಹೋದರೆ ಹೋಗಲಿ, ಆಮೇಲೆ ಭಾನುವಾರಗಳನ್ನು ಏನು ಮಾಡುವುದೋ ದೇವರೇ ಬಲ್ಲ.

ಅವನು ಎದ್ದ, ಮಣ್ಣನ್ನು ಬೂಟಿನಿಂದ ಒತ್ತಿದ, ಕುಂಟುತ್ತಾ ಬೇಲಿಯತ್ತ ಹೋದ, ಒಂದಕ್ಕೆ ಹೋಗ್ಬರ್ತೀನಿ, ನೀನು ಈ ಸಾಲಲ್ಲೇ ಮುಂದೆ ಹೋಗ್ತಿರು — ಈ ಸಾಲಲ್ಲೇ, ಯಾವಾಗಲೂ ಅದೇ ಮಾತು, ತಾನು ಅಗೆದು ಮುಗಿಸಿದ ಸಾಲಿಗೆ ಇವಳನ್ನು ತಳ್ಳುವುದು, ಆಯಿತಪ್ಪಾ, ಬೀಸಿದಳು, ಎಡಕ್ಕೆ, ಬಲಕ್ಕೆ — ಟಿಂಗ್. ಶುದ್ಧ ದನಿ. ಮಣ್ಣು ಸಡಿಲ, ಸನಿಕೆಯೇ ಬೇಡ, ಬೆರಳಿಗೇ ಸಿಕ್ಕಿತು ಪುಟ್ಟ ಬೆಳ್ಳಿ, ಅಂಚು ಕತ್ತರಿಸಿದ್ದು, ನಡುವೆ ಶಿಲುಬೆ — ಅವನಿನ್ನೂ ಬೇಲಿಯ ಬಳಿ, ಕಸಿದುಕೊಳ್ಳಲು ಯಾರೂ ಇಲ್ಲ, ಬಾಟಲಿ ಇವಳ ಕೈಯಲ್ಲೇ, ಸುರಿದಳು ನೀರು — ನೀರು ನಿಲ್ಲಲಿಲ್ಲ, ಹನಿ ಹನಿಯಾಗಿ ಉರುಳಿಹೋಯಿತು, ಅಕ್ಷರದ ಸಂದಿಯಲ್ಲಿ ಒಂದು ಕಾಳಷ್ಟೂ ಮಣ್ಣಿಲ್ಲ, ಮೂಸಿದಳು, ಮೇಣ, ರೋಲಂಡನ ಅಡುಗೆಮನೆಯ ವಾಸನೆ, ಮೇಜಿನ ಮೇಲೆ ತನ್ನ ಹಳೇ ನಾಣ್ಯಗಳನ್ನು ಹರಡಿಕೊಂಡು ಮೇಣ ಸವರಿ ಸವರಿ ಒರೆಸುವುದು, ಡೆರೆಕ್ ಪಕ್ಕದಲ್ಲಿ ಚಹಾ ಕುಡಿಯುವುದು — ಹಾಗಾದರೆ ಇವಳಿಗೆ ಸಿಕ್ಕ ಮೊದಲನೆಯದೂ ಅವನದೇ, ಡೆರೆಕ್‌ನನ್ನು ಮಣ್ಣು ಮಾಡಿ ಬಂದ ತಿಂಗಳು ಸಿಕ್ಕದ್ದು, ಇನ್ನು ಈ ಯಂತ್ರ ಮಾರಿಬಿಡ್ತೀನಿ ಎಂದು ಅತ್ತ ದಿನವೇ ಸಿಕ್ಕದ್ದು — ನಾಚಿಕೆ ಕಿವಿಯವರೆಗೆ ಏರಿತು, ಹಿಂದೆಯೇ ಸಿಟ್ಟು, ಅಯ್ಯೋ ಮೂರ್ಖ, ಎಲ್ಲಿಯದೋ ನಾಣ್ಯ ತಂದು ಈ ಹೊಲದಲ್ಲಿ ಹೂಳಬಹುದೇ, ಈ ಕಸುಬಿನವರು ಕದ್ದವನನ್ನಾದರೂ ಕ್ಷಮಿಸಿಯಾರು, ಹೂತವನನ್ನಲ್ಲ, ನಕ್ಷೆಯ ಚುಕ್ಕೆಗಳೆಲ್ಲ ಸುಳ್ಳು, ಸಂತೆ ಸುಳ್ಳು, ಶನಿವಾರ ಸುಳ್ಳು — ಏನ್ ಸಿಕ್ತೇ ಬೆರಿಲ್, ಬೇಲಿಯಿಂದ ಕೂಗುತ್ತಿದ್ದಾನೆ, ಓಡಿಬರುತ್ತಿದ್ದಾನೆ, ಆ ಮಂಡಿಯಲ್ಲಿ, ಉಜ್ಜಬೇಡ್ವೇ, ಕೊಡಿಲ್ಲಿ — ಸಿಕ್ಕಿಲ್ಲ ಎನ್ನಬೇಕು, ಸಿಕ್ಕಿದೆ ಎನ್ನಬೇಕು, ನಿಜ ಹೇಳಿದರೆ ಅವನಿಗೆ ಇನ್ನೆಲ್ಲೂ ಹೊಲವಿಲ್ಲ, ಹೇಳದಿದ್ದರೆ — ಕಣ್ಣ ಮುಂದೆ ಆ ಕೈ, ಜೇಬಿಗೆ ಹೋದ ಕೈ, ಅದು ಹೊರಗೆ ಬರುವುದನ್ನು ಇವಳು ಒಂದು ಸಲವೂ ನೋಡಿರಲಿಲ್ಲ, ಈಗ ಮನಸ್ಸಿನಲ್ಲಿ ಬರುತ್ತಿದೆ, ಮುಷ್ಟಿ ಕಟ್ಟಿಕೊಂಡು, ಮಣ್ಣಿನತ್ತ ಬಗ್ಗುತ್ತಾ, ತೆರೆಯುತ್ತಾ —