ಬೇಲಿ ದಾಟದ ಕಿತ್ತಳೆ

ಗಂಡನ ಹೆಸರು ಹೇಳಬಾರದಂತೆ. ಹೇಳುತ್ತೇನೆ: ಶಾಂತಪ್ಪ. ಕೊಡ್ಲಿಪೇಟೆ ಸುತ್ತಿನಲ್ಲಿ ಬೇರೆಲ್ಲೂ ಇಲ್ಲದ ಕಿತ್ತಳೆ ತಳಿಯೊಂದನ್ನು ಕೈಯಾರೆ ಕಳೆದವರು ಇವರೇ.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ನಮ್ಮ ಕಾಫಿ ತೋಟದ ಅಂಚಿನಲ್ಲಿ ಮಾವನವರ ಅಪ್ಪ ನೆಟ್ಟ ಒಂದೇ ಒಂದು ಮರ. ಹಣ್ಣು ನೋಡಲು ಚೆಂದವೇನಲ್ಲ. ತೊಟ್ಟಿನ ಹತ್ತಿರ ಸುಕ್ಕು, ಮೈಮೇಲೆ ಹಸಿರು ಮಚ್ಚೆ. ಆದರೆ ಹೆಬ್ಬೆರಳು ಒತ್ತಿದರೆ ಸಿಪ್ಪೆ ಒಂದೇ ಸಲಕ್ಕೆ ಕಳಚಿ ಬರುತ್ತಿತ್ತು. ತೊಳೆಗೆ ನಾರಿಲ್ಲ. ಮೊದಲು ಸಿಹಿ, ನುಂಗುವಾಗ ಸಣ್ಣಗೆ ಹುಳಿ. ಬೆಳಿಗ್ಗೆ ಸುಲಿದರೆ ಸಂಜೆ ರೊಟ್ಟಿ ತಟ್ಟುವಾಗಲೂ ಕೈಯಲ್ಲಿ ಅದೇ ವಾಸನೆ.

ಯಾರಾದರೂ ಬೀಜ ಕೇಳಿದರೆ ಇವರಿಗೆ ಮೈಯೆಲ್ಲ ಉರಿ. "ನಮ್ಮ ತಳಿ ನಮ್ಮ ಬೇಲಿ ದಾಟಬಾರ್ದು!" ನೆಂಟರಿಗೆ ಹಣ್ಣು ಕೊಟ್ಟು, ಬೀಜ ಉಗುಳಲು ಮುಂದೆ ತಟ್ಟೆ ಇಡುತ್ತಿದ್ದರು. ನನ್ನ ಒಡಹುಟ್ಟಿದ ತಮ್ಮ ಸಣ್ಣಸ್ವಾಮಿಯ ಬಾಯಿಂದಲೂ ಉಗುಳಿಸಿದರು. ನಾಚಿಕೆಯಿಂದ ಸಾಯುವಂತಾಗಿತ್ತು ನನಗೆ.

ಕೊನೆಗೆ ಕಾಂಡಕ್ಕೆ ಹುಳು ಬಿದ್ದು ಮರ ಒಣಗಿತು. "ಬೀಜ ಐತಲ್ಲ, ಬಿಡು" ಎಂದರು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ! ಇವರದು ಹಾಸನದ ಕಡೆಯಿಂದ ಬಂದ ರಾಗಿ ಬೆಳೆವ ಮನೆತನ. ರಾಗಿ ಬೀಜ ಕಾಪಾಡುವ ಹಾಗೆಯೇ ಕಿತ್ತಳೆ ಬೀಜವನ್ನೂ ಬಿಸಿಲಲ್ಲಿ ಗಲಗಲ ಒಣಗಿಸಿ, ಬೂದಿ ಬೆರೆಸಿ, ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದ್ದರು. ಕಿತ್ತಳೆ ಬೀಜ ಒಣಗಿದರೆ ಸತ್ತಂತೆ, ಹಸಿಯಾಗಿರುವಾಗಲೇ ಹಾಕಬೇಕು. ಊರಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಕೇಳಿದರೆ ಮರ್ಯಾದೆ ಹೋಗುತ್ತದಲ್ಲ! ಆ ಒಣ ಬೀಜವನ್ನೇ ಬಿತ್ತಿ, ಮಳೆಗಾಲ ಪೂರ್ತಿ ಪಾತಿಯ ಮುಂದೆ ಕೂತು ಕಾದರು. ಒಂದೂ ಮೊಳೆಯಲಿಲ್ಲ.

ಮಗಳು ವಿಶಾಲು ಚೊಚ್ಚಲ ಬಸುರಿಯಾಗಿ ಮನೆಗೆ ಬಂದಳು. ಅವಳ ಬಯಕೆಯೂ ಅದೇ ಹಣ್ಣು. ಮಗಳ ಬಯಕೆ ತೀರಿಸಲಾಗದ ತಾಯಿಯ ಸಂಕಟ ಯಾವ ಗಂಡಸಿಗೆ ಗೊತ್ತು? ಇವರು ಸಂತೆಯಿಂದ ದಪ್ಪ ಸಿಪ್ಪೆಯ ಕಿತ್ತಳೆ ತಂದು ಅವಳ ಮಡಿಲಿಗೆ ಹಾಕಿದರು.

"ತಿನ್ನವ್ವ, ಇದೂ ಅಂಥದ್ದೇ."

ಅವಳು ಒಂದು ತೊಳೆ ತಿಂದಳು. ಅಪ್ಪನ ಮುಖ ನೋಡಿದಳು.

"ಹೂಂ ಕಣಪ್ಪ, ಅದೇ ರುಚಿ."

ನನಗೆ ತಡೆಯಲಾಗಲಿಲ್ಲ. "ಸುಳ್ಳು ಹೇಳಬ್ಯಾಡ ಕಣೆ! ನಿಂಗಾದ್ರೂ ಆ ರುಚಿ ಗೊತ್ತೈತೆ. ಹುಟ್ಟೋ ಕೂಸು ಇದನ್ನೇ ಕಿತ್ತಳೆ ಅನ್ಕಂಡು ಬೆಳೀತದೆ!"

ಶಾಂತಪ್ಪ ಎದ್ದು ಹೊರಗೆ ಹೋದರು. ಊಟದ ಹೊತ್ತಾಗಿತ್ತು. ನಾನು ಕರೆಯಲಿಲ್ಲ.