ಸೂಜಿಬಾಲದ ಬಾತುಗಳನ್ನು ಎಣಿಸಿದ ದುರ್ಬೀನು

ನಾನೊಂದು ದುರ್ಬೀನು. ಮುಂಬೈಯ ಸಣ್ಣ ಕಾರ್ಖಾನೆಯೊಂದರಲ್ಲಿ ಹಿತ್ತಾಳೆಯ ಮೈಗೆ ಗಾಜು ಕೂರಿಸಿ ನನಗೆ ಕಣ್ಣು ಕೊಟ್ಟರು. ಅಂಗಡಿಯಿಂದ ನನ್ನನ್ನು ಕೊಂಡವರು ಗದಗ ಸೀಮೆಯ ಹಿರೇಹೊಂಡದ ಬಸನಗೌಡರು, ಬೇಟೆಯ ಹುಚ್ಚಿನವರು. ಚಳಿಗಾಲ ಬಂತೆಂದರೆ ಊರ ಕೆರೆಗೆ ದೂರದ ಉತ್ತರದಿಂದ ಸೂಜಿಬಾಲದ ಬಾತುಗಳು ಬರುತ್ತಿದ್ದವು. ನೀರು ಕಾಣದಷ್ಟು ಬಾತು. ಗೌಡರಿಗೆ ನನ್ನ ಅಗತ್ಯವೇ ಇರಲಿಲ್ಲ. ಬರೀ ಠೀವಿಗೆ ಕೊರಳಲ್ಲಿ ನೇತುಹಾಕಿಕೊಂಡಿದ್ದರು.

ಬೇಟೆ ನಿಂತ ಮೇಲೆ ನನ್ನನ್ನು ಊರ ಶಾಲೆಯ ಮುನೀರಾ ಟೀಚರಿಗೆ ಕೊಟ್ಟುಬಿಟ್ಟರು. ನನಗೆ ನಿಜವಾದ ಕೆಲಸ ಸಿಕ್ಕಿದ್ದು ಆಗ. ಪ್ರತಿ ಸಂಕ್ರಾಂತಿಯ ಆಸುಪಾಸಿನಲ್ಲಿ ಟೀಚರು ನಮ್ಮ ಕೆರೆಯ ಬಾತುಗಳನ್ನು ಎಣಿಸಿ, ಸೈಕಲ್ ಏರಿ ಪಕ್ಕದೂರಿನ ಕೆರೆಗೂ ಹೋಗಿ ಎಣಿಸುತ್ತಿದ್ದರು. ಮೀನುಗಾರರ ಹಿರಿಯ ದುರ್ಗಪ್ಪ ಟೀಚರಿಗೊಂದು ಮಾತು ಕೊಟ್ಟಿದ್ದ: ಎಲ್ಲಿಯವರೆಗೆ ಬಾತು ಬರುತ್ತವೋ ಅಲ್ಲಿಯವರೆಗೆ ಚಳಿಗಾಲದಲ್ಲಿ ಕೆರೆಯ ಬಡಗಣ ಮೂಲೆಗೆ ಬಲೆ ಹಾಕುವುದಿಲ್ಲ. ಎರಡೂ ಕೆರೆ ಸೇರಿದರೆ ಬಾತುಗಳು ವರ್ಷವರ್ಷವೂ ಹೆಚ್ಚುಕಡಿಮೆ ಅಷ್ಟೇ ಇದ್ದವು. ಎಲ್ಲರೂ ನಿಶ್ಚಿಂತೆಯಿಂದಿದ್ದರು.

ಒಂದು ವರ್ಷ ನಮ್ಮ ಕೆರೆಯಲ್ಲಿ ಬಾಲದ ಸೂಜಿ ಮುರಿದ ಗಂಡು ಬಾತೊಂದು ಕಂಡಿತು. ಪಕ್ಕದ ಕೆರೆಗೆ ಹೋದರೆ ಅಲ್ಲೂ ಅದೇ ಮಹಾಶಯ. ಟೀಚರು ನನ್ನನ್ನು ಕಣ್ಣಿನಿಂದ ಇಳಿಸಿದರು; ಲೆಕ್ಕ ಎಲ್ಲಿ ತಪ್ಪಿದೆಯೆಂದು ಅವರಿಗೆ ಹೊಳೆದಿತ್ತು. ಅವರು ಎಣಿಸಿ ಸೈಕಲ್ ಏರುವಷ್ಟರಲ್ಲಿ ನಮ್ಮ ಕೆರೆಯ ಉಳಿದ ಭಾಗಕ್ಕೆ ಮೀನುಗಾರರ ದೋಣಿಗಳು ಇಳಿಯುತ್ತಿದ್ದವು. ಬೆದರಿದ ಬಾತುಗಳು ಅವರಿಗಿಂತ ಮೊದಲೇ ಆ ಕೆರೆ ಸೇರುತ್ತಿದ್ದವು. ದೋಣಿಗಳು ವರ್ಷದಿಂದ ವರ್ಷಕ್ಕೆ ಹೆಚ್ಚಾಗಿ, ಹಾಗೆ ಎರಡು ಸಲ ಲೆಕ್ಕಕ್ಕೆ ಬರುವ ಬಾತುಗಳೂ ಹೆಚ್ಚಾದದ್ದರಿಂದ, ಬಾತು ಕಡಿಮೆಯಾದದ್ದು ಲೆಕ್ಕದಲ್ಲಿ ಕಾಣಿಸಿರಲೇ ಇಲ್ಲ.

"ದುರ್ಗಪ್ಪಣ್ಣ, ನಾ ಇದ್ದ ಬಾತನ್ನ ಎರಡೆರಡು ಸಲ ಎಣಿಸೇನಿ," ಎಂದರು ಟೀಚರು.

"ಹಂಗಾರ ಬರೂ ವರ್ಷ ನೀವು ಎರಡೂ ಕೆರಿ ಮುಗಸೂತನಾ ದೋಣಿ ಇಳಸೂದಿಲ್ರಿ ಅಕ್ಕೋರ."

ಮರುವರ್ಷ ದೋಣಿಗಳು ದಡದಲ್ಲೇ ಕಾದವು. ನಮ್ಮ ಕೆರೆಯಲ್ಲಿ ಒಂದಿಷ್ಟು ಬಾತು, ಪಕ್ಕದ್ದರಲ್ಲಿ ಒಂದೂ ಇಲ್ಲ. ಆಮೇಲಿನ ಚಳಿಗಾಲಗಳಲ್ಲಿ ಆ ಒಂದಿಷ್ಟೂ ಕರಗುತ್ತ ಬಂತು. ಮೂಲೆಗೆ ಬಲೆ ಹಾಕೋಣವೆಂದು ಉಳಿದ ಮೀನುಗಾರರು ಹಟ ಹಿಡಿದರು.

ಅಷ್ಟರಲ್ಲಿ ನನಗೂ ವಯಸ್ಸಾಗಿ ಗಾಜಿನೊಳಗೆ ಬೂಷ್ಟು ಹಿಡಿದಿತ್ತು. "ದುರ್ಬೀನ ಮಬ್ಬಾಗೇತಿ, ಅದಕ್ಕ ಬಾತು ಕಾಣವಲ್ಲವು. ಹೊಸಾದು ತರಿಸಿ ನೋಡೂಣು, ಅಲ್ಲೀತನಾ ಬಲಿ ಬ್ಯಾಡ," ಎಂದು ದುರ್ಗಪ್ಪ ಆ ಮೀನುಗಾರರ ಬಾಯಿ ಮುಚ್ಚಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಕಣ್ಣು ಸವೆಸಿದ್ದಕ್ಕೆ ಈ ಮಾತೇ?

ಹೊಸ ದುರ್ಬೀನು ಬಂತು. ನಾನು ಟೀಚರ ಮನೆಯ ಗೋಡೆಯ ಮೊಳೆ ಸೇರಿದೆ. ಎಣಿಕೆ ಮುಗಿಸಿ ಅವರು ಮನೆಗೆ ಬಂದಾಗ ದುರ್ಗಪ್ಪನೂ ಜೊತೆಗಿದ್ದ.

"ಕೆರಿ ತುಂಬ ಬರೇ ನೀರು," ಎಂದರು ಟೀಚರು.

"ಇನ್ನ ನಾ ಏನಂತ ಹೇಳಿ ಅವರನ್ನ ತಡೀಲ್ರಿ ಅಕ್ಕೋರ?"

ಈಗಲೂ ನಾನು ಅದೇ ಮೊಳೆಯಲ್ಲಿದ್ದೇನೆ. ದುರ್ಗಪ್ಪನ ಮೇಲಿನ ಸಿಟ್ಟು ಅಂದೇ ಇಳಿಯಿತು. ಅವನ ಮಾತು ನಿಜವಾಗಿರಬಾರದಿತ್ತೇ, ಮಬ್ಬು ನನ್ನ ಕಣ್ಣಿನದೇ ಆಗಿರಬಾರದಿತ್ತೇ ಎಂದಷ್ಟೇ ಅನ್ನಿಸುತ್ತದೆ.